ಹೊಳೆ ದಾಟುವ ಮುನ್ನ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನಮ್ಮ ಹಿರಿಯರು ದಾಟಿ ಮುಗಿಸಿದವರ ಕೃತಘ್ನತೆಯನ್ನು ಕುರಿತು ಮಾಡಿದರು. ದಾಟುವ ಮುನ್ನ ದಡದಲ್ಲಿ ನಿಂತವನನ್ನು ಕುರಿತ ಗಾದೆ ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ಆ ಕೊರತೆಯನ್ನು ತುಂಬಿಕೊಟ್ಟವರು ನನ್ನ ಹಳೆಯ ಡೀಸೆಲ್ ಜೀಪನ್ನು ನೋಡಿಕೊಳ್ಳುವ ಮೇಸ್ತ್ರಿಗಳು.

ನಮ್ಮ ಹಿರಿಯರ ಮನೆ ತೀರ್ಥಹಳ್ಳಿಯ ಸೀಮೆಯಲ್ಲಿ ಒಂದು ಹಳ್ಳದ ಆಚೆಗಿದೆ. ಬೇಸಗೆಯಲ್ಲಿ ಎಳಗರುವೂ ದಾಟಬಲ್ಲ ಆ ಹಳ್ಳ ಆಷಾಢ ಬಂದಿತೆಂದರೆ ಹೊಳೆಯ ಪದವಿಗೇರುತ್ತದೆ. ನಡೆಯುವವರಿಗೆ ಅಡಿಕೆಮರದ ಕಾಲುಸಂಕವುಂಟು. ಗಾಡಿಗೆ ನೀರೇ ದಾರಿ. ಸೇತುವೆಯೇ ಬೇಕೆಂದರೆ ಹದಿನೆಂಟು ಕಿಲೋಮೀಟರು ಸುತ್ತಬೇಕು.

ಮೊದಲ ಪಾಠ ದುಬಾರಿಯಾಗಿಯೇ ಬಂದಿತು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ರಭಸದಿಂದ ನುಗ್ಗಿದರೆ ನೀರು ಹೆದರಿ ದಾರಿ ಬಿಡುವುದೆಂಬ ಭ್ರಮೆಯಿಂದ ಜೀಪನ್ನು ಹಳ್ಳಕ್ಕಿಳಿಸಿದೆ. ನೀರು ಬಾನೆಟ್ಟಿನ ಮೇಲೆ ಚಿಮ್ಮಿತು. ಒಳಗೆಲ್ಲೋ ಒನಕೆ ಬಡಿದಂತೆ ಸದ್ದಾಗಿ ಇಂಜಿನು ನಿಂತಿತು. ಎತ್ತು ಕಟ್ಟಿ ಎಳೆಸಿ ಷೆಡ್ಡಿಗೆ ಸಾಗಿಸಿದ್ದಾಯಿತು. ಇಂಜಿನು ಬಿಚ್ಚಿದ ಮೇಸ್ತ್ರಿಗಳು ಕನೆಕ್ಟಿಂಗ್ ರಾಡನ್ನು ನನ್ನ ಕೈಗಿತ್ತರು. ಉಕ್ಕಿನ ಆ ತೋಳು ಮುದುಕನ ಬೆನ್ನಿನಂತೆ ಬಾಗಿತ್ತು.

"ಮೇಷ್ಟ್ರೇ, ಗಾಳಿ ಬಡಪಾಯಿ, ಒತ್ತಿದರೆ ಮುದುಡಿಕೊಳ್ಳುತ್ತೆ. ನೀರು ಹಂಗಲ್ಲ; ಒತ್ತಿದೋರ ಕೈಯೇ ಮುರೀಬೇಕು" ಎಂದರು.

ಡೀಸೆಲ್ ಇಂಜಿನಿನ ಮರ್ಮವೆಲ್ಲ ಆ ಮಾತಿನಲ್ಲಡಗಿತ್ತು. ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಒತ್ತಿ, ಹುಟ್ಟಿದ ಬಿಸಿಗೇ ಎಣ್ಣೆಯನ್ನು ಉರಿಸುವ ಯಂತ್ರವದು. ಆ ಚೂರು ಜಾಗಕ್ಕೆ ಮೀರಿದ ನೀರು ಸಿಲಿಂಡರನ್ನು ಹೊಕ್ಕರೆ ಪಿಸ್ಟನ್ನಿಗೆ ಮೇಲೇರಲು ಎಡೆಯಿಲ್ಲ. ಬಾಗುವುದು ರಾಡು, ಬರಿದಾಗುವುದು ಯಜಮಾನನ ಚೀಲ. ನಡುನೀರಿನಲ್ಲಿ ಇಂಜಿನು ನಿಂತರೆ ಮತ್ತೆ ಚಾಲೂ ಮಾಡುವ ಆಸೆಯನ್ನೂ ಬಿಡಬೇಕು. ದಡಕ್ಕೆಳೆದು, ಇಂಜೆಕ್ಟರುಗಳನ್ನು ಕಳಚಿ, ಇಂಜಿನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಗಟ್ಟಬೇಕು.

ಅವರು ನನ್ನನ್ನು ಮೇಷ್ಟ್ರೇ ಎನ್ನುವರು, ನಾನು ಅವರನ್ನು ಮೇಸ್ತ್ರಿಗಳೇ ಎನ್ನುವೆನು. ಒಂದು ಮಾತು ಇಂಗ್ಲಿಷಿನಿಂದ, ಇನ್ನೊಂದು ಪೋರ್ಚುಗೀಸಿನಿಂದ ಕನ್ನಡಕ್ಕೆ ಇಳಿದಿದ್ದರೂ ಎರಡಕ್ಕೂ ತಾಯಿ ಲ್ಯಾಟಿನ್ನಿನ 'ಮಜಿಸ್ಟರ್' ಎಂಬ ಒಂದೇ ಶಬ್ದ. ನಮ್ಮಿಬ್ಬರಲ್ಲಿ ಆ ಶಬ್ದಕ್ಕೆ ನಿಜವಾಗಿ ಹಕ್ಕುದಾರರು ಯಾರೆಂಬುದು ಆ ಬೇಸಗೆಯಲ್ಲಿ ನನಗೆ ತಿಳಿಯಿತು.

ಅವರು ಜೀಪನ್ನು ನೀರಿಗೆ ಸಿದ್ಧಪಡಿಸಿದ ರೀತಿ ವೈದ್ಯರು ರೋಗಿಗೆ ಪಥ್ಯ ಹೇಳುವಂತಿತ್ತು. ಮೊದಲು ಉಸಿರು. ಇಂಜಿನು ಗಾಳಿ ಸೇದುವ ಬಾಯಿಯನ್ನು ಕೊಳವೆಯೊಂದರಿಂದ ಚಾವಣಿಯ ಎತ್ತರಕ್ಕೆ ಒಯ್ದು, ಬೆಸುಗೆಯ ಬಳಿ ಅಂಗೈಯಿಟ್ಟು ಗಾಳಿ ಸೋರದಂತೆ ಪರೀಕ್ಷಿಸಿದರು. ಪೇಟೆಯವರು ಸ್ನಾರ್ಕೆಲ್ ಎನ್ನುವ ಅದು ಅವರ ಬಾಯಲ್ಲಿ 'ಸೊಂಡಿಲು'. ನೀರಿಗಿಳಿದ ಆನೆಯನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಅನಂತರ ಅಚ್ಚುಗಳು. ಓಡಿ ಬಿಸಿಯಾದ ಅಚ್ಚಿನ ಗೂಡು ತಣ್ಣೀರಿಗಿಳಿದೊಡನೆ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಸೀಲಿನ ಸಂದಿಯಿಂದ ಹೀರಿಕೊಳ್ಳುತ್ತದೆ. ಗೇರಿನ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿ ಹಲ್ಲುಗಳು ಸವೆಯುತ್ತವೆ. ಆದಕಾರಣ ಅಚ್ಚುಗಳ ಉಸಿರುಗಂಡಿಗೂ ರಬ್ಬರ್ ನಳಿಗೆ ಸಿಕ್ಕಿಸಿ ಮೇಲಕ್ಕೆ ಕಟ್ಟಿದರು. ವಿದ್ಯುತ್ತಂತಿಗಳ ಕೂಡುಗಳಿಗೆ ಗ್ರೀಸು ಮೆತ್ತಿದರು.

ಮೂರನೆಯದು ನಡತೆ. ಫ್ಯಾನು ನೀರನ್ನು ಬಾಚಿ ಇಂಜಿನಿನ ಮೇಲೆರಚದಂತೆ, ಅದರ ಅಲಗು ಬಾಗಿ ರೇಡಿಯೇಟರನ್ನು ಕೊರೆಯದಂತೆ, ಇಳಿಯುವ ಮುನ್ನ ಬೆಲ್ಟು ಕಳಚಬೇಕು. ಮೂತಿಗೆ ಟಾರ್ಪಾಲು ಬಿಗಿಯಬೇಕು. ಕೆಳ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ, ಒಂದೇ ಸಮನೆ ಸಾಗಿದರೆ ಮುಂದೆ ಒಂದು ಅಲೆ ಎದ್ದು, ಅದರ ಹಿಂದೆ ಇಂಜಿನಿನ ಬಳಿ ನೀರು ತಗ್ಗುತ್ತದೆ. ನಡುವೆ ಕ್ಲಚ್ಚು ಒತ್ತಕೂಡದು. ಆಕ್ಸಿಲರೇಟರಿನಿಂದ ಕಾಲು ತೆಗೆಯಕೂಡದು. ಹೊಗೆಯ ಒತ್ತಡವೇ ಹೊಗೆಗೊಳವೆಯೊಳಕ್ಕೆ ನೀರು ಬಾರದಂತೆ ತಡೆಯುತ್ತಿರುತ್ತದೆ. ಆಚೆ ದಡ ಸೇರಿದ ಮೇಲೆ ಬೆಲ್ಟನ್ನು ಮತ್ತೆ ಏರಿಸಿ, ಬ್ರೇಕನ್ನು ಮೆಲ್ಲಗೆ ಒತ್ತುತ್ತ ಒಣಗಿಸಿಕೊಳ್ಳಬೇಕು.

ಈ ವಿದ್ಯೆ ಹೊಸದೇನಲ್ಲ. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಹಡಗುಗಳಿಂದ ನೀರಿಗಿಳಿದ ಸೈನ್ಯದ ಜೀಪುಗಳಿಗೂ ಇಂಥದೇ ಎತ್ತರದ ಕೊಳವೆಗಳಿದ್ದುವು, ಇಂಥದೇ ಲೇಪವಿತ್ತು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮುಂಬಯಿಯ ಮಹೀಂದ್ರಾ ಸಂಸ್ಥೆ ಜೀಪುಗಳನ್ನು ಜೋಡಿಸತೊಡಗಿತು. ಸೈನಿಕನಿಗೆಂದು ಹುಟ್ಟಿದ ಗಾಡಿ ಕ್ರಮೇಣ ಮಲೆನಾಡಿನ ತೋಟಗಳಲ್ಲಿ ಗೊಬ್ಬರ ಹೊರುವ ಸಂಸಾರಿಯಾಯಿತು.

ಇಷ್ಟೆಲ್ಲ ಆದ ಮೇಲೆ ಮೇಸ್ತ್ರಿಗಳು ಬಾಗಿಲಿಗೆ, ಚಕ್ರದ ಗುಂಬಕ್ಕಿಂತ ತುಸು ಮೇಲೆ, ಸುಣ್ಣದಲ್ಲೊಂದು ಗೆರೆ ಎಳೆದರು. ಅದೇ ಅಳತೆಗೆ ಒಂದು ಬಿದಿರುಗಳಕ್ಕೂ ಗುರುತು ಹಾಕಿಕೊಟ್ಟರು. ಅದು ನನಗೆ ಆಗ ತಮಾಷೆಯಾಗಿ ಕಂಡಿತು.

ಆ ಶ್ರಾವಣದ ಒಂದು ಸಂಜೆ ಅಮ್ಮನಿಗೆ ಜ್ವರ ಏರಿದೆಯೆಂದು ಸುದ್ದಿ ಬಂದಿತು. ಆಸ್ಪತ್ರೆಗೆ ಕರೆತರಬೇಕು. ಮೇಸ್ತ್ರಿಗಳೂ ಜೊತೆಗೆ ಹೊರಟರು. ದಡಕ್ಕೆ ಬಂದು ನೋಡಿದರೆ ಕಾಲುಸಂಕ ಕೊಚ್ಚಿಹೋಗಿತ್ತು. ಆಚೆ ದಿಬ್ಬದ ಮೇಲೆ ನಮ್ಮ ಮನೆಯ ದೀಪ ಕಾಣುತ್ತಿತ್ತು. ಮೇಸ್ತ್ರಿಗಳು ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ನನ್ನ ಕೈಗೆ ಕೊಟ್ಟು, ಗಳ ಹಿಡಿದು ಇಳಿದರು. ನಾಲ್ಕು ಹೆಜ್ಜೆಗೆ ಗುರುತು ಮುಳುಗಿತು. ಐದನೆಯ ಹೆಜ್ಜೆ ಇಡಲು ನೀರು ಬಿಡಲಿಲ್ಲ. ಹಿಂದಿರುಗಿ ಬಂದು, "ಆಗೋದಿಲ್ಲ ಮೇಷ್ಟ್ರೇ" ಎಂದರು.

ನಾನು ಸಿಟ್ಟಾದೆ. ಹಾಗಾದರೆ ಸೊಂಡಿಲೇಕೆ, ನಳಿಗೆಯೇಕೆ, ಇಷ್ಟು ಖರ್ಚೇಕೆ ಎಂದು ಆಡಬಾರದ ಮಾತೆಲ್ಲ ಆಡಿದೆ.

"ಇಂಜಿನ್ನಿಗೆ ನೀರು ಹೋಗದಂಗೆ ಮಾಡಿದೀನಿ. ಜೀಪು ತೇಲದಂಗೆ ಮಾಡೋಕೆ ನನಗೆ ಬರೋದಿಲ್ಲ. ಕಾಲಲ್ಲಿ ನಡೆಯೋಕಾಗದ ನೀರಿಗೆ ಚಕ್ರ ಇಳಿಸಬಾರದು" ಎಂದಷ್ಟೇ ಹೇಳಿ ಗಾಡಿ ತಿರುಗಿಸಿದರು. ಹರಿಯುವ ನೀರು ಎರಡಡಿ ಏರಿದರೆ ಸಾಕು, ಭಾರಿ ವಾಹನವನ್ನೂ ಎತ್ತಿ ಒಯ್ಯಬಲ್ಲುದೆಂಬುದನ್ನು ನಾನು ಓದಿದ್ದೆ. ಅವರು ತೊಡೆಯಿಂದ ತಿಳಿದಿದ್ದರು.

ಸೇತುವೆಯ ಸುತ್ತುದಾರಿಯಲ್ಲಿ, ಬಿದ್ದ ಮರವೊಂದನ್ನು ಕಡಿದು ಸರಿಸಿ ಮನೆ ಸೇರುವಾಗ ನಡುರಾತ್ರಿ ಮೀರಿತ್ತು. ಆ ಮೂರು ಗಂಟೆ ನಾನು ಅವರೊಡನೆ ಮಾತಾಡಲಿಲ್ಲ. ಅಮ್ಮನನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಬೆಳಗಿನ ಜಾವಕ್ಕೆ ಆಸ್ಪತ್ರೆ ಮುಟ್ಟಿದೆವು. ಆಕೆ ಉಳಿದಳು.

ವಾರದ ಮೇಲೆ ನೀರಿಳಿದಾಗ ಹಳ್ಳ ನೋಡಲು ಹೋದೆ. ಜೀಪು ದಾಟುತ್ತಿದ್ದ ಕಲ್ಲುಹಾಸಿನ ಅರ್ಧ ಭಾಗ ಅಲ್ಲಿರಲಿಲ್ಲ. ಆ ಎಡೆಯಲ್ಲಿ ಆಳುದ್ದದ ಗುಂಡಿ ಬಿದ್ದಿತ್ತು. ಅಲ್ಲಿಂದ ನೇರವಾಗಿ ಷೆಡ್ಡಿಗೆ ನಡೆದು, ಮೇಸ್ತ್ರಿಗಳಿಗೆ ಏನೋ ಹೇಳಬೇಕೆಂದು ನಿಂತೆ. ಅವರು ಗಾಡಿಯೊಂದರ ಕೆಳಗಿನಿಂದಲೇ, "ಬಂದಿದ್ದು ಒಳ್ಳೇದಾಯ್ತು ಮೇಷ್ಟ್ರೇ, ಆ ಸುಣ್ಣದ ಗೆರೆ ಮಳೆಗೆ ಅಳಿಸಿರಬೇಕು, ಜೀಪು ತನ್ನಿ" ಎಂದರು.

ಈ ಸಲ ಬಣ್ಣದಲ್ಲಿ ಬರೆಯಿರಿ ಎಂದೆ.