ಹಳೆಯ ಹಾಯಿದೋಣಿ ಮತ್ತು ಬಸವಕಲ್ಯಾಣದ ಮಿಸ್ತ್ರಿ

ಬಸವಕಲ್ಯಾಣದಿಂದ ಸಮುದ್ರ ಬಲು ದೂರ. ನಮ್ಮೂರ ಮಕ್ಕಳಿಗೆ ದೊಡ್ಡ ನೀರು ಎಂದರೆ ತ್ರಿಪುರಾಂತ ಕೆರೆ. ಆದರೆ ಸಸ್ತಾಪುರ ಬಂಗ್ಲಾದ ಹತ್ತಿರ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65 ಇದೆಯಲ್ಲ, ಅದು ಪುಣೆಯಲ್ಲಿ ಹುಟ್ಟಿ ಸೊಲ್ಲಾಪುರ, ಹುಮನಾಬಾದ್, ಹೈದರಾಬಾದ್, ವಿಜಯವಾಡ ದಾಟಿ ಕಡಲ ಬದಿಯ ಮಚಲೀಪಟ್ಟಣ ಸೇರುತ್ತದೆ. ಈ ರಸ್ತೆಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವನು ನಾನು.

ಹೋದ ಬೇಸಿಗೆ ರಜೆಗೆ ಮಗಳ ಮಗ ಹುಮನಾಬಾದಿನಿಂದ ಬಂದಿದ್ದ. ಆರನೇ ತರಗತಿ. ಬಂದವನ ಮುಖ ಸಪ್ಪಗಿತ್ತು. ಹೊಸ ಸೈಕಲ್ ಕೇಳಿದ್ದನಂತೆ; ಅವರಪ್ಪ ಅಣ್ಣನ ಹಳೆಯ ಸೈಕಲನ್ನೇ ಇವನಿಗೆ ಕೊಟ್ಟಿದ್ದ.

“ಮುತ್ಯಾ, ನನಗ ಕೆಂಪು ಬಣ್ಣದ ಡಬ್ಬಿ ಕೊಡಸು. ಹೊಸಾದರಂಗ ಮಾಡ್ತೀನಿ” ಅಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ: “ಅಭಿಲಾಷ್ ಟಾಮಿ ಅಂತ ಒಬ್ಬರು ಹಳೀ ದೋಣಿ ತಗೊಂಡು ಒಬ್ಬರೇ ದುನಿಯಾ ಸುತ್ತಿ ಬಂದಾರಂತ. ಪುಸ್ತಕದಾಗ ಓದೀನಿ. ಅವರರೆ ಹೊಸಾದು ಯಾಕ ತಗೋಲಿಲ್ಲ?”

“ನಡಿ, ಅದಕ್ಕ ಜವಾಬು ಗ್ಯಾರೇಜಿನಾಗ ಅದ” ಎಂದು ಎಬ್ಬಿಸಿಕೊಂಡು ಹೊರಟೆ.

ಲಾರಿ ಕಸುಬಿಗೆ ಬಸವಕಲ್ಯಾಣ ಹೆಸರಾದ ಊರು. ನನಗೆ ಪರಿಚಯದ ಮಿಸ್ತ್ರಿಯೊಬ್ಬರ ಗ್ಯಾರೇಜಿನಲ್ಲಿ ಹಳೆಯ ಲಾರಿಯೊಂದು ಮುಂಬೈ ಲೈನಿಗೆ ತಯಾರಾಗುತ್ತಿತ್ತು. ಬಾಡಿ ಬಿಚ್ಚಿ ಇಳಿಸಿದ್ದರು. ಮಿಸ್ತ್ರಿ ಗಾಡಿಯ ಕೆಳಗೆ ಅಂಗಾತ ಮಲಗಿ, ಚಾಸಿಯ ಮೇಲಿನ ಕೆಸರು ಕೆರೆದು, ಸುತ್ತಿಗೆಯಿಂದ ತಟ್ಟಿ ತಟ್ಟಿ ಸದ್ದು ಕೇಳುತ್ತಿದ್ದರು.

“ಬಣ್ಣ ಯಾವಾಗ ಹಚ್ತೀರಿ?” ಎಂದು ಹುಡುಗ ಕೇಳಿದ.

“ಎಲ್ಲಾಕ್ಕಿಂತ ಕಡೀಕ, ತಮ್ಮಾ. ಈಗೇ ಬಣ್ಣ ಹಚ್ಚಿದರ ಬಿರುಕು ಹೆಂಗ ಕಾಣಬೇಕು?”

ಅದೇ ಜವಾಬು. ದೋಣಿಗೂ ಅಷ್ಟೇ.

ಅಭಿಲಾಷ್ ಟಾಮಿ ನಮ್ಮ ನೌಕಾಪಡೆಯ ಅಧಿಕಾರಿಯಾಗಿದ್ದವರು. 2012–13ರಲ್ಲಿ ಗೋವೆಯಲ್ಲಿ ಕಟ್ಟಿದ ‘ಮಾದೇಯಿ’ ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಿದರು. ಭಾರತೀಯರಲ್ಲಿ ಹಾಗೆ ಮಾಡಿದವರು ಅವರೇ ಮೊದಲಿಗರು. 2018ರಲ್ಲಿ ‘ಗೋಲ್ಡನ್ ಗ್ಲೋಬ್’ ಎಂಬ ಸ್ಪರ್ಧೆಗೆ ಹೋದಾಗ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕರು. ದೋಣಿಯ ಕಂಬ ಮುರಿಯಿತು, ಅವರ ಬೆನ್ನುಮೂಳೆಯೂ ಮುರಿಯಿತು. ಮೂರು ದಿನ ಅಲುಗಾಡಲಾರದೆ ಮಲಗಿದ್ದವರನ್ನು ಫ್ರಾನ್ಸಿನ ಹಡಗೊಂದು ಬಂದು ಉಳಿಸಿತು. ಬೆನ್ನಿಗೆ ಟೈಟಾನಿಯಂ ಸರಳು ಕೂಡಿಸಿದರು. ನಡೆಯುವುದನ್ನೇ ಹೊಸದಾಗಿ ಕಲಿಯಬೇಕಾಯಿತು.

2022ರಲ್ಲಿ ಅವರು ಅದೇ ಸ್ಪರ್ಧೆಗೆ ಮತ್ತೆ ಹೊರಟರು. ಅದರ ನಿಯಮವೇ ವಿಚಿತ್ರ. ದೋಣಿಯ ಉದ್ದ 32ರಿಂದ 36 ಅಡಿ ಇರಬೇಕು; ಅದರ ವಿನ್ಯಾಸ 1988ಕ್ಕಿಂತ ಮೊದಲಿನದಾಗಿರಬೇಕು. ದಾರಿ ತೋರಿಸುವ ಉಪಗ್ರಹ ಯಂತ್ರ ಬಳಸುವಂತಿಲ್ಲ. ಕಾಗದದ ನಕ್ಷೆ ಹಿಡಿದು, ಸೂರ್ಯ ನಕ್ಷತ್ರಗಳ ಎತ್ತರ ಅಳೆದು ದಾರಿ ಹುಡುಕಬೇಕು. ಹೀಗಾಗಿ ಅವರು ‘ಬಯಾನತ್’ ಎಂಬ ಹಳೆಯ ದೋಣಿಯನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಸಜ್ಜುಗೊಳಿಸಿದರು.

ಇಂಥ ದೋಣಿಯನ್ನು ಸಜ್ಜು ಮಾಡುವುದು ಹೇಗೆ? ನಮ್ಮ ಲಾರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಮೊಮ್ಮಗನಿಗೆ ಹೇಳಿದೆ.

ಮೊದಲು ದೋಣಿಯನ್ನು ನೀರಿನಿಂದ ಮೇಲೆತ್ತಿ ದಡದ ಮೇಲೆ ನಿಲ್ಲಿಸುತ್ತಾರೆ. ಮೈಗೆ ಅಂಟಿದ ಪಾಚಿ, ಚಿಪ್ಪು ಕೆರೆಯುತ್ತಾರೆ. ಇಂಥ ದೋಣಿಗಳ ಮೈ ಹೆಚ್ಚಾಗಿ ಫೈಬರಿನದು. ವರ್ಷಗಟ್ಟಲೆ ನೀರಿನಲ್ಲಿದ್ದರೆ ಅದರೊಳಗೆ ತೇವ ಇಳಿದು, ಸುಟ್ಟ ಚರ್ಮದಂತೆ ಬೊಬ್ಬೆ ಏಳುವುದುಂಟು. ಅದನ್ನು ಕೆರೆದು, ಚೆನ್ನಾಗಿ ಒಣಗಿಸಿ, ಮತ್ತೆ ತುಂಬಬೇಕು. ಒಣಗಲು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಅವಸರ ಮಾಡಿದರೆ ಬೊಬ್ಬೆ ಮತ್ತೆ ಏಳುತ್ತದೆ.

ಆಮೇಲೆ ಚುಕ್ಕಾಣಿ. ಅದು ನಮ್ಮ ಸ್ಟೇರಿಂಗ್ ಇದ್ದಂತೆ. ಬಳಿಕ ದೋಣಿಯ ಮೈಯಲ್ಲಿ ನೀರು ಒಳಹೊರಗೆ ಹೋಗಲು ಇರುವ ತೂತುಗಳ ತಿರುಗಣಿಗಳು. ಅಂಗೈಯಷ್ಟು ಚಿಕ್ಕವು, ಒಂದು ತುಕ್ಕು ಹಿಡಿದು ಮುರಿದರೂ ದೋಣಿ ಮುಳುಗಬಹುದು. ಕಂಬವನ್ನು ನಾಲ್ಕೂ ಕಡೆಯಿಂದ ಎಳೆದು ಹಿಡಿಯುವ ಉಕ್ಕಿನ ತಂತಿಗಳು ಹೊರಗೆ ಹೊಳೆಯುತ್ತಿದ್ದರೂ ಒಳಗೆ ಎಳೆ ಎಳೆಯಾಗಿ ಸವೆದಿರುತ್ತವೆ. ದೂರ ಹೋಗುವವರು ಹಳೆಯ ತಂತಿಯನ್ನು ನಂಬುವುದಿಲ್ಲ, ಎಲ್ಲ ಬದಲಿಸುತ್ತಾರೆ.

“ಒಬ್ಬರೇ ಹೋದರ ನಿದ್ದಿ ಯಾವಾಗ ಮಾಡ್ತಾರ?” ಹುಡುಗ ಕೇಳಿದ.

ಒಳ್ಳೆಯ ಪ್ರಶ್ನೆ. ದೋಣಿಯ ಹಿಂಬದಿಗೆ ಗಾಳಿಪಟ್ಟಿ ಎಂಬ ಸಾಧನ ಕಟ್ಟುತ್ತಾರೆ. ದೋಣಿ ದಾರಿ ತಪ್ಪಿದರೆ ಗಾಳಿ ಆ ಪಟ್ಟಿಯನ್ನು ಬಾಗಿಸುತ್ತದೆ, ಪಟ್ಟಿ ಚುಕ್ಕಾಣಿಯನ್ನು ತಿರುಗಿಸುತ್ತದೆ. ಡೀಸೆಲ್ ಬೇಡ, ವಿದ್ಯುತ್ ಬೇಡ. ಲಾಂಗ್ ರೂಟಿನ ಎರಡನೇ ಡ್ರೈವರ್ ಅದು! ಅಭಿಲಾಷ್ ಅವರ ಗಾಳಿಪಟ್ಟಿ ದಾರಿಯಲ್ಲಿ ಮುರಿದಾಗ ಅವರು ದೋಣಿಯ ಶೌಚಾಲಯದ ಬಾಗಿಲನ್ನೇ ಕತ್ತರಿಸಿ ಪಟ್ಟಿ ಮಾಡಿಕೊಂಡರು. ಹುಡುಗ ಬಿದ್ದು ಬಿದ್ದು ನಕ್ಕ. ಮಿಸ್ತ್ರಿ ಮಾತ್ರ ನಗಲಿಲ್ಲ. “ಕೈಯಾಗಿನ ಕೆಲಸ ಕಲಿತವನು ಹಂಗ ಉಳೀತಾನ” ಎಂದರು.

2022ರ ಸೆಪ್ಟೆಂಬರ್ 4ರಂದು ಫ್ರಾನ್ಸಿನಿಂದ 16 ದೋಣಿಗಳು ಹೊರಟವು. ಎಲ್ಲಿಯೂ ನಿಲ್ಲದೆ ಸುತ್ತಿ ಗುರಿ ಮುಟ್ಟಿದವು ಮೂರೇ. ಮೊದಲು ಬಂದವರು ದಕ್ಷಿಣ ಆಫ್ರಿಕಾದ ಮಹಿಳೆ ಕರ್ಸ್ಟನ್ ನ್ಯೂಶೇಫರ್. ಅವರದೂ ಹಳೆಯ ದೋಣಿಯೇ; ಕೆನಡಾದಲ್ಲಿ ತಾವೇ ಮುಂದೆ ನಿಂತು ರಿಪೇರಿ ಮಾಡಿಸಿದ್ದು. ಅಭಿಲಾಷ್ 236 ದಿನಗಳ ಮೇಲೆ, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಬಂದರು. ದುರಸ್ತಿಯಾದ ದೋಣಿ, ದುರಸ್ತಿಯಾದ ಬೆನ್ನು!

ಬೆನ್ನಿನ ಮಾತು ಬಂದಾಗ ನಾನು ಸುಮ್ಮನಾದೆ. ಮೊಮ್ಮಗ ನನ್ನ ಸೊಂಟದ ಪಟ್ಟಿ ನೋಡಿದ. “ಮುತ್ಯಾ, ನಿಂದು ಹೆಂಗಾತು?”

ಮನೆಯಲ್ಲಿ ಯಾರಿಗೂ ಪೂರ್ತಿ ಹೇಳದ ಮಾತು ಅದು. ವಯಸ್ಸಿನಲ್ಲಿದ್ದಾಗ ನಾನೂ ಒಂದು ಹಳೆಯ ಲಾರಿ ಕೊಂಡೆ. ಕೈಯಲ್ಲಿ ಇದ್ದದ್ದು ಸ್ವಲ್ಪ ದುಡ್ಡು. ಬ್ರೇಕಿನ ಲೈನರ್ ಬದಲಿಸಬೇಕೋ, ಬಣ್ಣ ಹೊಡೆಸಬೇಕೋ? ಬಣ್ಣ ಹೊಡೆಸಿದೆ. ಮುಂದೆ ನವಿಲು, ಹಿಂದೆ ಕಮಲ. ಊರೆಲ್ಲ ಹೊಗಳಿತು. ಒಂದು ರಾತ್ರಿ ಹುಮನಾಬಾದಿನ ಹತ್ತಿರ ಎಮ್ಮೆಗಳ ಹಿಂಡು ಅಡ್ಡ ಬಂತು. ಬ್ರೇಕ್ ತುಳಿದೆ, ಹಿಡಿಯಲಿಲ್ಲ. ಲಾರಿ ಹೊಲಕ್ಕೆ ಇಳಿದು ಮಗುಚಿತು. ನನ್ನ ಸೊಂಟ ಹೋಯಿತು. ಪಕ್ಕದಲ್ಲಿ ಮಲಗಿದ್ದ ಕ್ಲೀನರ್ ಹುಡುಗ ಬದುಕಿದ್ದು ನನ್ನ ಪುಣ್ಯ. ಅವನಿಗೆ ಆಗ ಹದಿನೆಂಟು ವರ್ಷ.

“ಅವ ಈಗ ಎಲ್ಲಿದ್ದಾನ?” ಎಂದ ಮೊಮ್ಮಗ.

ಗಾಡಿಯ ಕೆಳಗಿನಿಂದ ಮಿಸ್ತ್ರಿ ಮುಖ ಹೊರಗೆ ಹಾಕಿದರು. “ಇಲ್ಲೇ ಇದ್ದೀನಿ” ಎಂದರು.

ಹುಡುಗ ಮನೆಯವರೆಗೆ ಮಾತಾಡಲಿಲ್ಲ. ಬಣ್ಣದ ಡಬ್ಬಿಯನ್ನೂ ಕೇಳಲಿಲ್ಲ.

ರಜೆ ಮುಗಿಸಿ ಹೋದ ಮರುದಿನವೇ ಹುಮನಾಬಾದಿನಿಂದ ಫೋನು ಬಂತು. “ಮುತ್ಯಾ, ಸೈಕಲ್ ತಲಿಕೆಳಗ ಮಾಡಿ ನೋಡೀನಿ. ಹಿಂದಿನ ಬ್ರೇಕಿನ ರಬ್ಬರ್ ಪೂರಾ ಸವದಾವ. ಚೈನಿನಾಗ ಒಂದು ಕೊಂಡಿ ಸೀಳ್ಯದ. ಅಪ್ಪ ನಾಳಿ ಹಾಕಸ್ತಾರಂತ.”

“ಮತ್ತ ಬಣ್ಣ?” ಎಂದೆ.

“ಅದು ಕಡೀಕ” ಎಂದು ಫೋನಿಟ್ಟ.