ಮೊಬೈಲ್ ಸಂಪರ್ಕದ ಹಿಂದಿರುವ ಮನೆಯ ರೌಟರ್: ಒಂದು ವಿವೇಚನೆ

ಹುಬ್ಬಳ್ಳಿ-ಧಾರವಾಡ ರಸ್ತೆಯ ಸತ್ತೂರದಲ್ಲಿ ಬಾಡಿಗೆಯ ಕೋಣೆ ಹಿಡಿದಿರುವ ಸಂಶೋಧನ ವಿದ್ಯಾರ್ಥಿಯೊಬ್ಬನನ್ನು ಊಹಿಸೋಣ. ಕೋಣೆಗೆ ತಂತಿಯ ಸಂಪರ್ಕವಿಲ್ಲದುದರಿಂದ ಸಿಮ್ ಹಾಕಿದ ರೌಟರನ್ನು ಆತನು ಇರಿಸಿಕೊಂಡಿದ್ದಾನೆ. ವರ್ಷಗಟ್ಟಲೆ ಶ್ರಮಿಸಿ ಸಂಗ್ರಹಿಸಿದ ಹಸ್ತಪ್ರತಿಗಳ ಛಾಯಾಚಿತ್ರಗಳು ಅಲ್ಲಿಯ ಗಣಕಯಂತ್ರದಲ್ಲಿವೆ. ಕ್ಷೇತ್ರಕಾರ್ಯಕ್ಕಾಗಿ ಬೀದರಕ್ಕೆ ಹೋದಾಗ ಅವುಗಳಲ್ಲೊಂದು ಬೇಕಾದರೆ, ಸಂಪರ್ಕವು ನೆಟ್ಟಗಿದ್ದರೂ ಹೊರಗಿನಿಂದ ಆ ಯಂತ್ರವನ್ನು ತಲುಪಲಾಗದು. ಇದರ ಕಾರಣವನ್ನೂ ಪರಿಹಾರವನ್ನೂ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಾರಣವು ವಿಳಾಸಗಳ ಕೊರತೆಯಲ್ಲಿದೆ. ಅಂತರಜಾಲದ ನಾಲ್ಕನೆಯ ಆವೃತ್ತಿಯಲ್ಲಿ ಒಟ್ಟು ಸುಮಾರು ೪೨೯ ಕೋಟಿ ವಿಳಾಸಗಳುಂಟು. ಅವುಗಳ ಜಾಗತಿಕ ಭಂಡಾರವು ೨೦೧೧ರ ಫೆಬ್ರುವರಿಯಲ್ಲಿಯೇ ಬರಿದಾಯಿತು. ಆದುದರಿಂದ ಮೊಬೈಲ್ ಸಂಸ್ಥೆಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುತ್ತವೆ. ಇಂತಹ ಹಂಚಿಕೆಗೆಂದೇ ೧೦೦.೬೪.೦.೦ದಿಂದ ೧೦೦.೧೨೭.೨೫೫.೨೫೫ರವರೆಗಿನ ವಿಳಾಸಗಳನ್ನು ೨೦೧೨ರಲ್ಲಿ ಮೀಸಲಿಡಲಾಯಿತು. ಮನೆಯಿಂದ ಹೊರಟ ಪ್ರಶ್ನೆಯನ್ನು ಸಂಸ್ಥೆಯ ಯಂತ್ರವು ಗುರುತಿಟ್ಟುಕೊಂಡು ಅದರ ಉತ್ತರವನ್ನು ಮನೆಗೆ ಮುಟ್ಟಿಸುತ್ತದೆ. ಆದರೆ ತಾನಾಗಿ ಬಂದ ಕರೆಯನ್ನು ಯಾರಿಗೆ ಒಪ್ಪಿಸಬೇಕೆಂಬುದು ಅದಕ್ಕೆ ತಿಳಿಯದು. ಮನೆಯ ರೌಟರಿನಲ್ಲಿ ಎಷ್ಟು ಪೋರ್ಟುಗಳನ್ನು ತೆರೆದರೂ ಪ್ರಯೋಜನವಿಲ್ಲ. ರೌಟರು ತೋರಿಸುವ ಹೊರವಿಳಾಸವು ಮೇಲ್ಕಂಡ ಶ್ರೇಣಿಯಲ್ಲಿದ್ದರೆ, ಅಥವಾ ಹೊರಗಿನ ತಾಣಗಳಿಗೆ ಕಾಣುವ ವಿಳಾಸಕ್ಕಿಂತ ಭಿನ್ನವಾಗಿದ್ದರೆ, ಸ್ಥಿತಿಯು ಇದೇ ಎಂದು ತಿಳಿಯಬಹುದು.

ಪರಿಹಾರದ ತತ್ತ್ವವು ಸರಳವಾದುದು. ಹೊರಗಿನವರು ಮನೆಯನ್ನು ಕರೆಯಲಾರರಾದರೆ ಮನೆಯೇ ಮೊದಲು ಹೊರಗೆ ಕರೆಯಬೇಕು. ಸಾರ್ವಜನಿಕ ವಿಳಾಸವುಳ್ಳ ಸಣ್ಣ ಸರ್ವರೊಂದನ್ನು ಬಾಡಿಗೆಗೆ ಪಡೆದು ಅದನ್ನು ಸಂಧಿಸ್ಥಾನವಾಗಿ ಇರಿಸಿಕೊಳ್ಳಬೇಕು. ಸರ್ವರು, ರೌಟರು, ಪ್ರವಾಸದ ಗಣಕ ಈ ಮೂರರಲ್ಲಿಯೂ ವೈರ್‌ಗಾರ್ಡ್ ಎಂಬ ವಿ.ಪಿ.ಎನ್. ವ್ಯವಸ್ಥೆಯನ್ನು ಅಳವಡಿಸಬೇಕು. ೨೦೨೦ರಲ್ಲಿ ಲಿನಕ್ಸ್‌ನ ೫.೬ನೆಯ ಆವೃತ್ತಿಯಲ್ಲಿ ಸೇರಿದ ಈ ವ್ಯವಸ್ಥೆಯು ಓಪನ್‌ಡಬ್ಲ್ಯುಆರ್‌ಟಿ ಬಳಸುವ ರೌಟರುಗಳಲ್ಲಿಯೂ ದೊರೆಯುತ್ತದೆ. ಪ್ರತಿಯೊಂದು ಯಂತ್ರಕ್ಕೂ ಎರಡು ಕೀಲಿಗಳಿರುತ್ತವೆ: ಬಹಿರಂಗ ಕೀಲಿಯನ್ನು ಇತರ ಯಂತ್ರಗಳಿಗೆ ಕೊಡತಕ್ಕದ್ದು, ಗುಪ್ತ ಕೀಲಿಯು ಆ ಯಂತ್ರವನ್ನು ಬಿಟ್ಟು ಹೊರಡಕೂಡದು.

ಇಲ್ಲಿ ಮೂರು ಅಂಶಗಳನ್ನು ಲಕ್ಷಿಸಬೇಕು. ಮೊದಲನೆಯದಾಗಿ, ಮಾತುಕತೆ ನಿಂತರೆ ಸಂಸ್ಥೆಯ ಯಂತ್ರವು ತಾನಿಟ್ಟ ಗುರುತನ್ನು ಕೆಲಕಾಲದಲ್ಲಿ ಅಳಿಸಿಬಿಡುತ್ತದೆ. ಆದಕಾರಣ ಮನೆಯ ರೌಟರು ೨೫ ಸೆಕೆಂಡಿಗೊಮ್ಮೆ ಸರ್ವರಿಗೆ ಒಂದು ಸಣ್ಣ ಸಂಕೇತವನ್ನು ಕಳುಹುವಂತೆ ಗೊತ್ತುಮಾಡಬೇಕು. ಎರಡನೆಯದಾಗಿ, ಮನೆಯ ಒಳವಿಳಾಸಗಳ ಶ್ರೇಣಿಯು ಪ್ರವಾಸದಲ್ಲಿ ತಂಗುವೆಡೆಯ ಶ್ರೇಣಿಗಿಂತ ಬೇರೆಯಾಗಿರಬೇಕು, ಎರಡೂ ೧೯೨.೧೬೮.೧ ಎಂದೇ ಆರಂಭವಾಗಿದ್ದರೆ ದಾರಿ ತಪ್ಪುತ್ತದೆ. ಮೂರನೆಯದಾಗಿ, ಸಣ್ಣ ಸಂದೇಶಗಳು ಸಾಗಿ ದೊಡ್ಡ ಕಡತಗಳು ನಡುವೆ ನಿಂತುಹೋದರೆ, ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು ೧೪೨೦ ಬೈಟುಗಳಿಂದ ೧೨೮೦ಕ್ಕೆ ಇಳಿಸಿ ನೋಡಬೇಕು.

ಈ ವ್ಯವಸ್ಥೆಗೂ ಒಂದು ಮಿತಿಯುಂಟು. ದಾರಿಯುದ್ದಕ್ಕೂ ಗೂಢಲಿಪಿಯಲ್ಲಿ ಸಾಗುವ ಮಾಹಿತಿಯು ಸಂಧಿಸ್ಥಾನದ ಸರ್ವರಿನಲ್ಲಿ ಒಮ್ಮೆ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಆದುದರಿಂದ ಆ ಸರ್ವರು ಯಾರ ಹತೋಟಿಯಲ್ಲಿದೆಯೆಂಬುದನ್ನು ಅರಿಯದೆ ಗೋಪ್ಯದ ಭರವಸೆ ಇಡಲಾಗದು. ಊರು ಬಿಡುವ ಮುನ್ನ ರೌಟರಿನ ವಿದ್ಯುತ್ತನ್ನು ಒಮ್ಮೆ ತೆಗೆದು ಮತ್ತೆ ಕೊಟ್ಟು, ಬೇರೊಂದು ಸಿಮ್ಮಿನ ಮೂಲಕ ಕೋಣೆಯ ಯಂತ್ರವನ್ನು ತಲುಪಿ ಪರೀಕ್ಷಿಸಬೇಕು. ಬೀದರಕ್ಕೆ ಹೋದ ಮೇಲೆ ದೋಷ ಕಂಡುಬಂದರೆ, ಅದನ್ನು ತಿದ್ದಲು ಸತ್ತೂರಕ್ಕೆ ಮರಳುವುದಲ್ಲದೆ ಬೇರೆ ದಾರಿಯಿರದು.