ಮಂಗನ ಕಾಯಿಲೆ ಮತ್ತು ನಮ್ಮ ಸೊಪ್ಪಿನಬೆಟ್ಟ

ಅಡಿಕೆಯ ಕೊನೆಕೊಯ್ಲು, ಕಾಫಿ ಹಣ್ಣು ಬಿಡಿಸುವುದು, ಬೆಟ್ಟದಿಂದ ದರಗು ತಂದು ಒಟ್ಟುವುದು, ಮಳೆಗಾಲಕ್ಕೆ ಸೌದೆ ಕೂಡಿಸುವುದು, ಇವೆಲ್ಲ ದೀಪಾವಳಿ ಕಳೆದ ಮೇಲೆ ಮೊದಲಾಗಿ ಯುಗಾದಿಯ ಆಚೀಚೆಯವರೆಗೆ ನಡೆಯುವ ಕೆಲಸಗಳು. ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಈ ತಿಂಗಳುಗಳಲ್ಲಿಯೇ. ಇದು ಕಾಕತಾಳೀಯವೆಂದು ಭಾವಿಸಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಾಗಲ್ಲವೆಂಬುದನ್ನೂ, ಈ ರೋಗದ ಬಗ್ಗೆ ಈಚಿನ ವರ್ಷಗಳಲ್ಲಿ ನಡೆದ ಸಂಶೋಧನೆಗಳು ತೋಟಗಾರರಾದ ನಮಗೆ ಏನು ಹೇಳುತ್ತವೆಂಬುದನ್ನೂ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೊದಲಿಗೆ ಹಳೆಯ ಸಂಗತಿ. 1957ರ ಮಾರ್ಚ್ ತಿಂಗಳ ಸುಮಾರಿಗೆ ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿರುವ ಸುದ್ದಿ ಹಬ್ಬಿತು. ಸುತ್ತಲಿನ ಹಳ್ಳಿಗಳಲ್ಲಿ ಜನರು ವಿಪರೀತ ಜ್ವರ, ಮೈಕೈ ನೋವಿನಿಂದ ಹಾಸಿಗೆ ಹಿಡಿದಿದ್ದರು. ಮಂಗಗಳು ಸಾಯುತ್ತಿವೆ ಎಂದೊಡನೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರಿಗೆ ಹೊಳೆದದ್ದು ಪೀತಜ್ವರ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳಲ್ಲಿರುವ ಆ ರೋಗ ಏಷ್ಯಾದಲ್ಲಿ ಎಂದೂ ಕಾಣಿಸಿಕೊಂಡಿರಲಿಲ್ಲ. ಬಂದಿದ್ದರೆ ಆಗುತ್ತಿದ್ದ ಅನಾಹುತವನ್ನು ಊಹಿಸುವುದೂ ಕಷ್ಟ. ಡಾ. ಟೆಲ್ಫರ್ಡ್ ವರ್ಕ್ ಅವರ ನೇತೃತ್ವದ ತಂಡ ಬಂದು ಪರೀಕ್ಷಿಸಿದಾಗ ಅದು ಪೀತಜ್ವರವಲ್ಲವೆಂದು ಖಚಿತವಾಯಿತು. ಸಿಕ್ಕಿದ್ದು ಹೊಸದೇ ಒಂದು ವೈರಸ್, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ದಾಯಾದಿ. ಆ ವರ್ಷದ ಮೊದಲ ಐದು ತಿಂಗಳಲ್ಲಿ ರೋಗ ತಗುಲಿದವರು 466 ಮಂದಿ ಎಂದು ದಾಖಲೆಯಿದೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಇದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ನಾವು ಕರೆಯುವುದು ಮಂಗನ ಕಾಯಿಲೆ ಎಂದು. ಈ ಹೆಸರಿನಿಂದ ಮಂಗಕ್ಕೆ ಅನ್ಯಾಯವೇ ಆಗಿದೆ ಎನ್ನಬೇಕು. ಅದು ರೋಗವನ್ನು ಹಂಚುವ ಖಳನಲ್ಲ, ನಮಗಿಂತ ಮೊದಲು ಸಾಯುವ ಪ್ರಾಣಿ.

ಉಣುಗಿನ ವರ್ಷ

ರೋಗವನ್ನು ದಾಟಿಸುವುದು ಉಣುಗು; ಕೆಲವು ಕಡೆ ಉಣ್ಣೆ ಎನ್ನುತ್ತಾರೆ. ಅದರಲ್ಲೂ ಹಿಮಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡು ಉಣುಗು ಮುಖ್ಯವಾದುದು. ಇದರ ಜೀವನಕ್ರಮವನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಬೆಳೆದ ಉಣುಗು ದನಕರು, ಕಡವೆ ಮುಂತಾದ ದೊಡ್ಡ ಪ್ರಾಣಿಗಳ ರಕ್ತ ಕುಡಿದು ನೆಲಕ್ಕೆ ಉದುರಿ, ತರಗೆಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ಕಡಿಮೆಯಾಗುತ್ತಿದ್ದಂತೆ ಮೊಟ್ಟೆಯೊಡೆದು ಹೊರಬರುವ ಸಣ್ಣ ಹುಳುಗಳು ಇಲಿ, ಸುಂಡಿಲಿ, ಹಕ್ಕಿ, ಮಂಗ, ಯಾವುದು ಸಿಕ್ಕಿದರೆ ಅದನ್ನು ಹಿಡಿಯುತ್ತವೆ. ಅವು ಬೆಳೆದು ಮರಿ ಉಣುಗುಗಳಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಮರಿ ಉಣುಗೇ. ಗಾತ್ರದಲ್ಲಿ ಎಳ್ಳುಕಾಳಿನಷ್ಟೂ ಇರದ ಇದು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಜನವರಿಯಿಂದ ಮೇ ವರೆಗೆ ಕಾಯಿಲೆ ಏರುವುದೇಕೆಂಬ ಪ್ರಶ್ನೆಗೆ ಉತ್ತರ ಇಷ್ಟೇ.

ವೈರಸ್ ಇರುವ ಉಣುಗು ಮಂಗವನ್ನು ಕಚ್ಚಿದರೆ ಮಂಗ ಕಾಯಿಲೆ ಬಿದ್ದು ಸಾಯುತ್ತದೆ. ಅದರ ಮೈಮೇಲಿದ್ದ ನೂರಾರು ಉಣುಗುಗಳು ತಣ್ಣಗಾದ ದೇಹವನ್ನು ಬಿಟ್ಟು ಅಲ್ಲೇ ಸುತ್ತಮುತ್ತ ಹರಡುತ್ತವೆ. ಹೀಗೆ ಸತ್ತ ಮಂಗ ಬಿದ್ದ ಜಾಗ ಅಪಾಯದ ತಾಣವಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ಆದ್ದರಿಂದ ರೋಗಿಯ ಮನೆಯವರನ್ನು ದೂರ ಇಡುವುದಕ್ಕೆ ಯಾವ ಕಾರಣವೂ ಇಲ್ಲ. ದನಗಳಿಗೆ ರೋಗ ಬರುವುದಿಲ್ಲ. ಆದರೆ ಕಾಡಿಗೆ ಮೇಯಲು ಹೋದ ದನ ಬೆಳೆದ ಉಣುಗಿಗೆ ಒಳ್ಳೆಯ ಊಟ. 1960ರ ದಶಕದಲ್ಲಿ ಸಾಗರ ಸೊರಬದ ಕಾಡುಗಳಲ್ಲಿ ಕೆಲಸ ಮಾಡಿದ ಜಾರ್ಜ್ ಬೊಷೆಲ್ ಎಂಬ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಾಡಂಚು ಕಡಿದು ದನ ಮೇಯಿಸತೊಡಗಿದಂತೆ ಉಣುಗಿನ ಸಂತತಿ ಹೆಚ್ಚಿತೆಂದು ವಾದಿಸಿದ್ದರು.

ಈ ವಾದಕ್ಕೆ ದುರದೃಷ್ಟವಶಾತ್ ದೃಷ್ಟಾಂತ ಸಿಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಹದಿನೈದು ವರ್ಷ ಮೂರು ತಾಲ್ಲೂಕುಗಳಲ್ಲಿ ಸುತ್ತುತ್ತಿದ್ದ ಕಾಯಿಲೆ 1970ರ ದಶಕದಲ್ಲಿ ಉತ್ತರ ಕನ್ನಡಕ್ಕೂ, ಮುಂದೆ ದಕ್ಷಿಣ ಕನ್ನಡ, ಚಿಕ್ಕಮಗಳೂರುಗಳಿಗೂ ಕಾಲಿಟ್ಟಿತು. 1982ರಿಂದ 1984ರ ಅವಧಿಯಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಪ್ರದೇಶದ ಸುತ್ತ ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಸತ್ತವರೂ ಬಹಳ. ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು 1987ರಲ್ಲಿ ಈ ಕಾಯಿಲೆಯ ಬಗ್ಗೆ ಬರೆಯುತ್ತಾ ಇದನ್ನು ಅಭಿವೃದ್ಧಿಯ ರೋಗವೆಂದು ಕರೆದರು. ಮಾತು ಖಾರವಾಗಿದೆ, ಆದರೆ ಹುಸಿಯಲ್ಲ. ಕಾಡು ಕಡಿಯುವ ತೀರ್ಮಾನ ಮಾಡುವವರು ಒಬ್ಬರು, ಅದರ ಅಂಚಿನಲ್ಲಿ ಸೌದೆ ಸೊಪ್ಪು ತಂದು ಬದುಕುವವರು ಇನ್ನೊಬ್ಬರು. ಉಣುಗು ಕಚ್ಚುವುದು ಎರಡನೆಯವರನ್ನು. 2015ರ ನಂತರ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ರೋಗ ಬಂದಾಗಲೂ ಗೇರುಹಣ್ಣು ಆಯಲು ಹೋದ ಕೂಲಿಯವರೇ ಮೊದಲ ಸಾಲಿನಲ್ಲಿದ್ದರು.

ಈಚಿನ ನಕ್ಷೆ ಏನು ಹೇಳುತ್ತದೆ

ಈಗ ಹೊಸ ಸಂಶೋಧನೆಗೆ ಬರೋಣ. ಬ್ರಿಟನ್ನಿನ ಪರಿಸರ ಸಂಶೋಧನಾ ಕೇಂದ್ರ, ಬೆಂಗಳೂರಿನ ಏಟ್ರೀ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಯಲಹಂಕದ ನಿವೇದಿ ಸಂಸ್ಥೆ, ಇವು ಆರೋಗ್ಯ ಇಲಾಖೆಯೊಡಗೂಡಿ ಮಾಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿ 2014ರಿಂದ 2018ರವರೆಗೆ ಯಾವ ಯಾವ ಹಳ್ಳಿಯಲ್ಲಿ ರೋಗಿಗಳು ಕಂಡುಬಂದರೆಂಬುದನ್ನು ಅಲ್ಲಿಯ ಕಾಡು, ತೋಟ, ಜಾನುವಾರುಗಳ ಲೆಕ್ಕದೊಡನೆ ಹೋಲಿಸಿ ಅವರು ಅಪಾಯದ ನಕ್ಷೆ ತಯಾರಿಸಿದರು. ನಟ್ಟಡವಿಯೇ ಅತ್ಯಂತ ಅಪಾಯದ ಜಾಗವಿರಬೇಕೆಂದು ಯಾರಿಗಾದರೂ ಅನಿಸುವುದು ಸಹಜ. ನಕ್ಷೆ ಹೇಳಿದ್ದು ಬೇರೆ. ತೇವದ ನಿತ್ಯಹರಿದ್ವರ್ಣ ಕಾಡೂ ತೋಟವೂ ಒಂದರೊಳಗೊಂದು ಹೆಣೆದುಕೊಂಡಿರುವ ಕಡೆ, ಜೊತೆಗೆ ನಾಟಿ ದನಗಳ ಸಂಖ್ಯೆ ಹೆಚ್ಚಿರುವ ಕಡೆ ಅಪಾಯ ಹೆಚ್ಚು. ಆ ನಕ್ಷೆಯನ್ನು 2019ರ ಹಾವಳಿಯ ಜೊತೆ ಇಟ್ಟು ನೋಡಿದಾಗ ಅದು ಬಹುಮಟ್ಟಿಗೆ ಸರಿಹೊಂದಿತು. ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಆ ವರ್ಷ ಆದ ಸಾವುಗಳನ್ನು ನಮ್ಮ ಸದಸ್ಯರು ಮರೆತಿರಲಾರರು.

ಒಂದು ಕಡೆ ತೋಟ, ಅದಕ್ಕೆ ತಗುಲಿ ಬೆಟ್ಟ, ಬೆಟ್ಟದ ಬದಿಗೆ ಕಾಡು, ನಡುವೆ ಕೊಟ್ಟಿಗೆ: ಇದು ನಮ್ಮ ಮನೆಗಳ ಚಿತ್ರವೇ ಅಲ್ಲವೆ? ತೋಟದಿಂದ ರೋಗ ಹುಟ್ಟುತ್ತದೆಂದು ಈ ಅಧ್ಯಯನ ಹೇಳಿಲ್ಲ. ತೋಟಗಾರನನ್ನು ಆರೋಪಿಸುವುದೂ ಅದರ ಉದ್ದೇಶವಲ್ಲ. ಆದರೆ ಮಂಗ, ಇಲಿ, ದನ, ಮನುಷ್ಯ ನಾಲ್ಕೂ ಒಂದೇ ತರಗೆಲೆಯ ಮೇಲೆ ಓಡಾಡುವ ಜಾಗ ಕಾಡಂಚಿನ ತೋಟ ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟ ಬಿಟ್ಟಿರುವುದು ಹಿಂದಿನವರ ದೂರದೃಷ್ಟಿ. ಅಡಿಕೆಯ ಬೇರಿಗೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಗು ಬೇಕು. ಕಾಡಿಗೆ ಹೋಗಬೇಡಿ ಎಂದು ಕರಪತ್ರ ಅಚ್ಚುಹಾಕಿಸುವವರಿಗೆ ಇದು ತಿಳಿದಂತಿಲ್ಲ. ಅದೇ ಸಂಶೋಧಕರ ಬಳಗ 2021ರಲ್ಲಿ ಹಳೆಯ ಸಲಹೆಗಳನ್ನೆಲ್ಲ ಒರೆಗೆ ಹಚ್ಚಿ, ಅವುಗಳಲ್ಲಿ ಅನೇಕಕ್ಕೆ ಸಾಕಷ್ಟು ಪ್ರಾಯೋಗಿಕ ಆಧಾರವಿಲ್ಲವೆಂದು ತೋರಿಸಿತು. ಕಾಯಿಲೆ ಕಂಡುಹಿಡಿದು ಅರವತ್ತು ವರ್ಷಗಳಾದ ಮೇಲೂ ಇದು ಪರಿಸ್ಥಿತಿ.

ಲಸಿಕೆಯ ವಿಚಾರ

ಲಸಿಕೆ ಯಾಕೆ ಹಾಕುತ್ತಿಲ್ಲ ಎಂಬುದು ಎಲ್ಲರ ಪ್ರಶ್ನೆ. 1990ರಿಂದ ಉಪಯೋಗದಲ್ಲಿದ್ದ ಲಸಿಕೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳೊಳಗೆ ಇನ್ನೊಂದು, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಎರಡು ಸೂಜಿ ಹಾಕಿಸಿಕೊಂಡವರಲ್ಲಿ ರಕ್ಷಣೆ ಶೇಕಡ 62.4, ವರ್ಧಕವನ್ನೂ ಪಡೆದವರಲ್ಲಿ ಶೇಕಡ 82.9. ಆದರೆ ಸೂಜಿ ಬಹಳ ನೋಯುತ್ತಿದ್ದುದರಿಂದ ಮೊದಲನೆಯದನ್ನು ಹಾಕಿಸಿಕೊಂಡವರೇ ಎರಡನೆಯದಕ್ಕೆ ಬರುತ್ತಿರಲಿಲ್ಲ. ಕೊಯ್ಲಿನ ದಿನ ಸೂಜಿ ಹಾಕಿಸಿಕೊಂಡು ಮರುದಿನ ಕೈ ಎತ್ತಲಾರದೆ ಮಲಗಲು ಕೂಲಿಯವನಿಂದಾದೀತೆ? ಮುಂದೆ ಲಸಿಕೆಯ ಪರಿಣಾಮವೇ ಕುಗ್ಗಿದ್ದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿದೆ. ಅದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ತನಕ ನಮ್ಮ ಮೈಯನ್ನು ನಾವೇ ಕಾಯ್ದುಕೊಳ್ಳಬೇಕು.

ಬೆಟ್ಟಕ್ಕೆ ಹೋಗುವವರು ಡೇಪಾ ಎಣ್ಣೆಯನ್ನು ಕೈ, ಕಾಲು, ಕುತ್ತಿಗೆಗೆ ಸವರಿಕೊಂಡು ಹೋಗುವುದು ಅತ್ಯವಶ್ಯ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯ ರೂಪಿಸಿದ ಈ ಎಣ್ಣೆಯನ್ನು ಆರೋಗ್ಯ ಇಲಾಖೆ ರೋಗವಿರುವ ಹಳ್ಳಿಗಳಲ್ಲಿ ಹಂಚುತ್ತದೆ. ಜಿಡ್ಡು, ವಾಸನೆ ಎಂದು ಮೂಲೆಗಿಟ್ಟ ಬಾಟಲಿಗಳು ಎಷ್ಟೋ ಮನೆಗಳಲ್ಲಿವೆ. ಇದರ ಪರಿಣಾಮ ಕೆಲವು ಗಂಟೆ ಮಾತ್ರ. ಬೆಳಗ್ಗೆ ಹಚ್ಚಿದ್ದು ಸಂಜೆಯವರೆಗೆ ಸಾಲದು. ಮೈತುಂಬ ಬಟ್ಟೆ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಕ್ಕೆ ಸೇರಿಸುವುದು, ಮನೆಗೆ ಬಂದೊಡನೆ ಬಿಸಿನೀರು ಸೋಪಿನ ಸ್ನಾನ, ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ಇವು ಎಲ್ಲರಿಗೂ ಗೊತ್ತಿರುವ ಮಾತುಗಳೇ. ಕಚ್ಚಿಕೊಂಡ ಉಣುಗನ್ನು ಬೆರಳಿನಲ್ಲಿ ಹೊಸಕದೆ ಚಿಮಟಿಯಿಂದ ಕಿತ್ತು ಹಾಕಬೇಕು.

ಗೊತ್ತಿದ್ದೂ ಮಾಡದಿರುವುದು ದರಗಿನ ವಿಷಯದಲ್ಲಿ. ತಂದ ದರಗನ್ನು ಅನುಕೂಲಕ್ಕೆಂದು ಜಗಲಿಯ ಪಕ್ಕ, ಕೊಟ್ಟಿಗೆಯ ಗೋಡೆಗೆ ಒತ್ತಿ ಒಟ್ಟುತ್ತೇವೆ. ಅದರೊಡನೆ ಬಂದ ಉಣುಗು ಮಕ್ಕಳು ಆಡುವ ಅಂಗಳಕ್ಕೇ ಬಂದಂತಾಯಿತು. ರಾಶಿ ಮನೆಯಿಂದ ದೂರವಿರಲಿ. ಆ ಸುತ್ತಿನಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಆ ವರ್ಷ ಆ ಬೆಟ್ಟದ ದರಗು ಬೇಡ. ಅಡಿಕೆ ಸಿಪ್ಪೆ, ಹಾಳೆ, ಸೋಗೆಗಳಿಂದಲೇ ಸುಧಾರಿಸಿಕೊಳ್ಳಬಹುದು. ಮಳೆಗಾಲದಲ್ಲಿ ಹಸಿಸೊಪ್ಪು ಹೆಚ್ಚು ತಂದುಕೊಂಡು, ಜನವರಿಯ ನಂತರದ ದರಗಿನ ಕೆಲಸವನ್ನು ಆದಷ್ಟು ಕಡಿಮೆ ಮಾಡುವುದು ಮೇಲೆಂದು ನಮ್ಮ ಅಭಿಪ್ರಾಯ. ದನಗಳಿಗೆ ಉಣುಗಿನ ಔಷಧಿ ಬಳಿಯುವುದಕ್ಕೆ ಪಶುವೈದ್ಯರನ್ನು ಕೇಳಬೇಕು.

ಸತ್ತ ಮಂಗವನ್ನು ಕಂಡರೆ ಮುಟ್ಟುವುದಾಗಲಿ, ಹೂಳುವ ಧರ್ಮಕಾರ್ಯಕ್ಕೆ ಕೈಹಾಕುವುದಾಗಲಿ ಕೂಡದು. ಪಂಚಾಯತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿದರೆ ಅವರು ಪರೀಕ್ಷೆಗೆ ಮಾದರಿ ತೆಗೆದು, ದೇಹವನ್ನು ಸುಟ್ಟು, ಸುತ್ತ ಕೀಟನಾಶಕ ಹಾಕಿಸುತ್ತಾರೆ. ತೋಟದಲ್ಲಿ ಮಂಗ ಸತ್ತಿದೆ ಎಂದು ಹೇಳಿದರೆ ಕೊಯ್ಲಿಗೆ ಆಳು ಬರುವುದಿಲ್ಲ ಎಂಬ ಭಯದಿಂದ ಮುಚ್ಚಿಡುವವರುಂಟು. ಹೊರಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಕಾಫಿ ಬಿಡಿಸಲು ಬರುವವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ. ಅವರಿಗೆ ಹೇಳುವುದು, ಎಣ್ಣೆ ಕೊಡಿಸುವುದು, ಜ್ವರ ಬಂದರೆ ಕೂಲಿ ಹಿಡಿಯದೆ ಆಸ್ಪತ್ರೆಗೆ ಕಳುಹಿಸುವುದು ತೋಟದ ಯಜಮಾನನ ಕರ್ತವ್ಯವೇ ಹೊರತು ಉಪಕಾರವಲ್ಲ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ರೋಗ ತೋರುತ್ತದೆ: ಒಮ್ಮೆಲೆ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಕಾಲುಗಳ ವಿಪರೀತ ನೋವು, ವಾಂತಿ. ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತ ಬರುತ್ತದೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರುಕಳಿಸಿ ಮಿದುಳಿಗೆ ತೊಂದರೆಯಾಗುವುದೂ ಉಂಟು. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಸ್ಸನ್ನು ಕೊಲ್ಲುವ ಔಷಧಿಯಿಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದವರನ್ನು ಆರೈಕೆಯಿಂದ ಉಳಿಸಿಕೊಳ್ಳಬಹುದು. ರಕ್ತಸ್ರಾವದ ಭಯವಿರುವುದರಿಂದ ಅಂಗಡಿಯ ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಇನ್ನೊಂದು ಮಾತು ಪಟ್ಟಣದಲ್ಲಿರುವ ನಮ್ಮ ಮಕ್ಕಳಿಗೆ ಸಂಬಂಧಿಸಿದ್ದು. ಬೆಂಗಳೂರಿನ ಮಾಗಡಿ ರಸ್ತೆಯ ಹೇರೋಹಳ್ಳಿ, ವಿಜಯನಗರ, ಕೆಂಗೇರಿ ಕಡೆಗಳಲ್ಲಿ ಮನೆ ಮಾಡಿಕೊಂಡಿರುವ ಮಲೆನಾಡಿನವರು ಸಂಕ್ರಾಂತಿ ರಜೆಗೋ ಕೊಯ್ಲಿಗೋ ಊರಿಗೆ ಬರುತ್ತಾರೆ, ಒಂದು ದಿನ ಬೆಟ್ಟ ಸುತ್ತುತ್ತಾರೆ, ಭಾನುವಾರ ರಾತ್ರಿಯ ಬಸ್ಸಿಗೆ ಹಿಂತಿರುಗುತ್ತಾರೆ. ಜ್ವರ ಬರುವುದು ಮುಂದಿನ ವಾರ ಹೇರೋಹಳ್ಳಿಯ ಮನೆಯಲ್ಲಿ. ಅಲ್ಲಿನ ವೈದ್ಯರು ಡೆಂಗ್ಯೂ ಎಂದೋ ಟೈಫಾಯಿಡ್ ಎಂದೋ ಶಂಕಿಸುವುದು ಸಹಜ. ಬೆಟ್ಟ ಸುತ್ತಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಇಂಥ ತಾಲ್ಲೂಕಿನ ಕಾಡಂಚಿಗೆ ಇಂಥ ದಿನ ಹೋಗಿದ್ದೆವು, ಮಂಗನ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ ಎಂದು ರೋಗಿಯ ಕಡೆಯವರೇ ಬಾಯಿಬಿಟ್ಟು ಹೇಳಬೇಕು. ಜ್ವರದ ಮೊದಲ ದಿನಗಳಲ್ಲಿ ತೆಗೆದ ರಕ್ತದಲ್ಲಿ ಆರ್.ಟಿ.ಪಿ.ಸಿ.ಆರ್. ಪರೀಕ್ಷೆಯಿಂದ ವೈರಸ್ ಪತ್ತೆಯಾಗುತ್ತದೆ. ತಡವಾದರೆ ಎಲೈಸಾ ಪರೀಕ್ಷೆ ಬೇಕಾಗುತ್ತದೆ. ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯದಲ್ಲಿಯೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿಯೂ ಇದರ ಪರೀಕ್ಷೆ ನಡೆಯುತ್ತದೆ. ಊರಿನಿಂದ ಮಕ್ಕಳನ್ನು ಕಳುಹಿಸುವಾಗ ಹಪ್ಪಳ, ಉಪ್ಪಿನಕಾಯಿಯ ಜೊತೆ ಈ ಮಾತನ್ನೂ ಕಟ್ಟಿ ಕಳುಹಿಸಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.